ಒಳಗೆ ಹೋಗುವ ಚಕ್ರ

ಶನಿವಾರ ಬೆಳಿಗ್ಗೆ ಹಿತ್ತಿಲ ನಲ್ಲಿಯ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದ ಸ್ಟೀಫನ್‌ಗೆ ಒಣಸೀಗಡಿಯ ವಾಸನೆ ಬಂತು. ವಾಸನೆ ಬಂದದ್ದು ಅತ್ತೆಯ ಪೆಟ್ಟಿಗೆಯಿದ್ದ ಒಳಕೋಣೆಯ ಕಡೆಯಿಂದಲ್ಲ, ಅಡುಗೆಮನೆಯ ಕಡೆಯಿಂದ. ಅಂದರೆ ಅತ್ತೆ ಅದನ್ನೂ ಸೂಟ್‌ಕೇಸಿನಿಂದ ತೆಗೆದು ಶೆಲ್ಫಿನ ಮೇಲಿಟ್ಟಾಯಿತು. ಬುಧವಾರ ಕಾಫಿಪುಡಿ ಹೊರಗೆ ಬಂದಿತ್ತು, ಗುರುವಾರ ಎರಡು ಬಾಟಲಿ ಕೊಬ್ಬರಿ ಎಣ್ಣೆ, ನಿನ್ನೆ ಮಗುವಿಗೆಂದು ಒಗೆದು ಮಡಚಿಟ್ಟಿದ್ದ ಹಳೆಯ ಪಂಚೆಯ ತುಂಡುಗಳು. ಯಾರಿಗೂ ಏನೂ ಹೇಳದೆ ಮುದುಕಿ ದಿನಕ್ಕೊಂದರಂತೆ ತನ್ನ ಪ್ರಯಾಣವನ್ನು ಬಿಚ್ಚುತ್ತಿದ್ದಳು. ವಿಮಾನ ಇದ್ದದ್ದು ಮಂಗಳವಾರ. ಪೆಟ್ಟಿಗೆಯಲ್ಲಿ ಇನ್ನು ಉಳಿದಿದ್ದದ್ದು ಎರಡು ಸೀರೆ, ಬಜೆಯ ಬೇರು, ಪ್ರಾರ್ಥನೆಯ ಪುಸ್ತಕ. ಮಂಗಳವಾರದ ಹೊತ್ತಿಗೆ ಅದು ಪೂರ್ತಿ ಖಾಲಿಯಾಗುತ್ತದೆ ಎಂದು ಹೊಳೆದಾಗ ಅವನು ಬಾಯಲ್ಲಿದ್ದ ಪೇಸ್ಟನ್ನು ಉಗುಳುವ ಬದಲು ನುಂಗಿಬಿಟ್ಟ.

ಇದಕ್ಕೆಲ್ಲ ಕಾರಣ ಬುಧವಾರ ಮಸ್ಕತ್ತಿನಿಂದ ಬಂದ ಫೋನು. ಅತ್ತೆ ಕಾನ್ಸೆಪ್ಟಾಳ ಕಿರಿಯ ಮಗಳು ಅನಿಶಾ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಚೊಚ್ಚಲ ಹೆರಿಗೆಗೆ ಇನ್ನು ಮೂರು ವಾರವಿತ್ತು. ತಾಯಿ ಬಂದು ಬಾಣಂತನ ಮಾಡಬೇಕು, ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ನೀರೆರೆಯಬೇಕು. ಮೂರು ತಿಂಗಳಿಗೆ ವಾಪಸಾಗುವ ಟಿಕೇಟೂ ಬಂದಿತ್ತು, ಪೆಟ್ಟಿಗೆಯೂ ತುಂಬಿಯಾಗಿತ್ತು. ಹೊಂಗಡಹಳ್ಳದ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದ ಕಾನ್ಸೆಪ್ಟಾ ನೀರೆರೆದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಲು ಬಿಸಿಲೆ ಘಾಟಿಯವರೆಗೆ ಹೋಗುತ್ತಿತ್ತು. ತಾಯಿ ಮೊದಲ ಸಲ ವಿಮಾನ ಹತ್ತುವವಳು, ಹೆದರದಿರಲಿ ಎಂದು ಅನಿಶಾ ಫೋನಿನಲ್ಲಿ ಒಂದೊಂದನ್ನೇ ಹೇಳಿಕೊಟ್ಟಳು. ಬೆಲ್ಟು ಹೀಗೆ ಹಾಕಿಕೋ, ಕಿವಿ ಮುಚ್ಚಿಕೊಂಡ ಹಾಗಾದರೆ ಆಕಳಿಸು. ಕೊನೆಯಲ್ಲಿ, ಮೇಲೇರಿದ ಸ್ವಲ್ಪ ಹೊತ್ತಿಗೆ ಕಾಲಡಿಯಲ್ಲಿ ಧಡ್ ಎಂದು ಶಬ್ದವಾಗುತ್ತದೆ, ಗಾಬರಿಯಾಗಬೇಡ, ಅದು ಚಕ್ರ ಒಳಗೆ ಹೋಗುವ ಶಬ್ದ ಎಂದಳು. ಕಾನ್ಸೆಪ್ಟಾ ಫೋನು ಕೆಳಗಿಟ್ಟು ಬಹಳ ಹೊತ್ತು ಅದರ ಮುಂದೆಯೇ ಕುಳಿತಿದ್ದಳು. ಬಸ್ಸಿನ ಚಕ್ರ ಬಸ್ಸಿನ ಕೆಳಗೇ ಇರುವಂತೆ ವಿಮಾನದ ಚಕ್ರ ವಿಮಾನದ ಕೆಳಗೇ ಇರುತ್ತದೆ ಎಂದು ಅರವತ್ತೆಂಟು ವರ್ಷ ನಂಬಿಕೊಂಡು ಬಂದ ಹೆಂಗಸು ಅವಳು. ಕೊನೆಗೆ ಎದ್ದು ಅಡುಗೆಮನೆಗೆ ಹೋಗಿ, ರೊಟ್ಟಿ ಬೇಯಿಸುತ್ತಿದ್ದ ಹಿರಿಯ ಮಗಳು, ಸ್ಟೀಫನ್‌ನ ಹೆಂಡತಿ ಜೆಸಿಂತಾಳನ್ನು ಕೇಳಿದಳು. ಒಳಗೆ ಹೋಗಿದ್ದು ಹೊರಗೆ ಬರದಿದ್ದರೆ? ಬರುತ್ತದೆ ಎಂದಳು ಜೆಸಿಂತಾ ತಿರುಗಿ ನೋಡದೆ. ಬರುತ್ತದೆಂದು ಯಾರು ಹೇಳಿದರು ಎಂದು ಕಾನ್ಸೆಪ್ಟಾ ಕೇಳಿದಾಗ ಜೆಸಿಂತಾ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಆ ಸಂಜೆಯೇ ಕಾಫಿಪುಡಿ ಹೊರಗೆ ಬಂತು.

ಸ್ಟೀಫನ್‌ಗೆ ಅತ್ತೆ ಹೋಗಬೇಕಿತ್ತು. ಅನಿಶಾಳ ಸಲುವಾಗಿ ಹೋಗಬೇಕು, ಮಗುವಿನ ಸಲುವಾಗಿ ಹೋಗಬೇಕು ಎಂದು ಮೂರು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಹಾಗೆ ಹೇಳಿಕೊಂಡಾಗಲೆಲ್ಲ ಅವನ ಕಣ್ಣ ಮುಂದೆ ಬರುತ್ತಿದ್ದದ್ದು ಮಗುವಲ್ಲ, ಒಳಕೋಣೆಯ ಮಂಚ. ಜನವರಿಯಲ್ಲಿ ಎಸ್ಟೇಟಿನ ಮನೆ ಬಿಟ್ಟು ಬಂದ ಅತ್ತೆಗೆ ಆ ಮಂಚ ಬಿಟ್ಟುಕೊಟ್ಟ ಮೇಲೆ ಅವನು ಮಲಗುತ್ತಿದ್ದದ್ದು ಹಜಾರದ ಬೆಂಚಿನ ಮೇಲೆ. ಬೆಂಚಿಗಿಂತ ಅವನು ಅರ್ಧ ಅಡಿ ಉದ್ದ. ಅದೂ ಹೋಗಲಿ. ಅವನು ಬಾಗಿಲ ಚಿಲಕ ಹಾಕಿ ಬಂದರೆ ಅವಳು ಹೋಗಿ ಒಮ್ಮೆ ಎಳೆದು ನೋಡುತ್ತಿದ್ದಳು. ಗ್ಯಾಸ್ ಆರಿಸಿದರೆ ಬಗ್ಗಿ ಮೂಸಿ ನೋಡುತ್ತಿದ್ದಳು. ಅವನು ತೊಳೆದಿಟ್ಟ ತಟ್ಟೆಯನ್ನು ಏನೂ ಅನ್ನದೆ ಮತ್ತೆ ತೊಳೆಯುತ್ತಿದ್ದಳು. ಅದರಲ್ಲಿ ಬೈಗುಳವೇನೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು. ಹೀಗಾಗಿ, ಹೆದರಬೇಡಿ ಮಾಂಯ್, ಏನೂ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದಾಗಲೆಲ್ಲ, ಅವಳ ಬೆನ್ನಿಗೆ ಕೈಕೊಟ್ಟು ಬಾಗಿಲಾಚೆ ತಳ್ಳುತ್ತಿರುವೆನೇನೋ ಎನಿಸಿ ಅವನು ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದ. ಮಾಂಯ್ ಎಂದೇ ಅವರ ಮನೆಗಳಲ್ಲಿ ಅತ್ತೆಯನ್ನು ಕರೆಯುವುದು. ಮನೆಯ ಮಾತು ಕೊಂಕಣಿಯಾದರೂ ಜಗಳಕ್ಕೆ ಮತ್ತು ಯಂತ್ರಗಳ ವಿಷಯಕ್ಕೆ ಎಲ್ಲರೂ ಕನ್ನಡಕ್ಕೆ ಇಳಿಯುತ್ತಿದ್ದರು, ಮತ್ತು ಈ ಮೂರು ದಿನ ಮನೆಯಲ್ಲಿ ಬರೀ ಕನ್ನಡವೇ ಕೇಳಿಸುತ್ತಿತ್ತು.

ತಿಂಡಿಯ ಹೊತ್ತಿಗೆ ಜೆಸಿಂತಾ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೇಳಿದಳು: "ಊರಿಗೆಲ್ಲ ನೀವೇ ಅಲ್ವಾ ವಿಮಾನದೋರು. ಅಮ್ಮಂಗೆ ಆ ಚಕ್ರದ ವಿಷಯ ಒಂದು ಸರಿಯಾಗಿ ಹೇಳಿ."

ಅದೂ ನಿಜವೇ. ದೋಣಿಗಲ್ಲಿನ ಹೆದ್ದಾರಿಯ ಪಕ್ಕದಲ್ಲಿ ಸ್ಟೀಫನ್‌ನ ತಗಡಿನ ಶೆಡ್ಡು ಇತ್ತು. ಘಟ್ಟದ ರೈಲು ಹಳಿ ಬದಲಾಯಿಸುವ ಕೆಲಸ ಶುರುವಾದಂದಿನಿಂದ ಜಲ್ಲಿ ಹೊರುವ ಟಿಪ್ಪರುಗಳಿಗೆ ಬರವಿರಲಿಲ್ಲ. ಟಿಪ್ಪರಿನ ಹಿಂಬದಿಯನ್ನು ಮೇಲೆತ್ತುವ ಎಣ್ಣೆ ಜಾಕುಗಳನ್ನು ರಿಪೇರಿ ಮಾಡುವವನು ಸಕಲೇಶಪುರದ ಆಚೀಚೆ ಅವನೊಬ್ಬನೇ. ಜಾಕು ಬಿಚ್ಚುತ್ತ ಕುಳಿತಾಗ, ಬೀಡಿ ಸೇದುತ್ತ ನಿಂತ ಡ್ರೈವರಿಗೆ ಅವನು ತಪ್ಪದೆ ಹೇಳುವ ಮಾತೊಂದಿತ್ತು: ಇದೆಲ್ಲ ಏನು ಮಹಾ, ನಾನು ಬೆಂಗಳೂರಲ್ಲಿ ವಿಮಾನದ ಚಕ್ರ ಇಳಿಸುವ ಜಾಕು ಜೋಡಿಸಿದವನು. ಅದು ಸುಳ್ಳಲ್ಲ. ಐಟಿಐ ಮುಗಿಸಿದ ಮೇಲೆ ಹನ್ನೊಂದು ತಿಂಗಳು ವಿಮಾನದ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದ. ಹನ್ನೆರಡನೆಯ ತಿಂಗಳು ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, ಅಪ್ಪನಿಗೆ ಲಕ್ವ ಹೊಡೆಯಿತು, ಬಿಟ್ಟು ಬರಬೇಕಾಯಿತು ಎನ್ನುತ್ತಿದ್ದ. ಹಾಗೆ ಲಕ್ವ ಹೊಡೆದ ಅಪ್ಪ ಆಮೇಲೆ ಹದಿನಾಲ್ಕು ವರ್ಷ ಏಣಿ ಹತ್ತಿ ಮೆಣಸು ಕೊಯ್ದ. ಯಾರೂ ಅದನ್ನೂ ಇದನ್ನೂ ಹೊಂದಿಸಿ ನೋಡಿರಲಿಲ್ಲ, ಅಥವಾ ನೋಡಿಯೂ ಸುಮ್ಮನಿದ್ದರು. ಇಪ್ಪತ್ಮೂರು ವರ್ಷದಿಂದ ಅವನು ತಲೆಯೆತ್ತಿ ನಡೆದದ್ದು ಆ ಹನ್ನೊಂದು ತಿಂಗಳ ಬಲದಿಂದ.

ಒಂಬತ್ತೂವರೆಗೆ ಅತ್ತೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಶೆಡ್ಡಿಗೆ ಹೊರಟ. ಬಾಯಲ್ಲಿ ಹೇಳಿದರೆ ಅವಳು ಮತ್ತೆ ಮತ್ತೆ ಪ್ರಶ್ನೆ ಹಾಕುತ್ತಾಳೆ, ಕಣ್ಣಲ್ಲಿ ನೋಡಿದರೆ ಸುಮ್ಮನಾಗುತ್ತಾಳೆ ಎಂಬುದು ಅವನ ಯೋಜನೆ. ಅವಳು ಚರ್ಚಿನ ಪೂಜೆಗೆ ಹೋಗುವಾಗ ಉಡುವ ಸೀರೆ ಉಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ತೊಳೆದ ಗೋಣಿಚೀಲ ಹಾಸಿ ಕೂರಿಸಿ, ಒಂದು ಹಳೆಯ ಜಾಕನ್ನು ಬಿಚ್ಚಿ ಬೆಂಚಿನ ಮೇಲಿಟ್ಟು ಸ್ಟೀಫನ್ ಶುರು ಮಾಡಿದ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಕೊಳವೆಯಲ್ಲಿ ತುಂಬಿದ ಎಣ್ಣೆಯನ್ನು ಈ ತುದಿಯಿಂದ ಒತ್ತಿದರೆ ಆ ತುದಿಯಲ್ಲಿ ಏನಿದೆಯೋ ಅದು ಸರಿಯಲೇಬೇಕು, ಬೇರೆ ದಾರಿಯಿಲ್ಲ. ವಿಮಾನದ ಎಂಜಿನ್ನೇ ಒಂದು ಪಂಪನ್ನು ತಿರುಗಿಸುತ್ತಿರುತ್ತದೆ, ಆ ಪಂಪು ಎಣ್ಣೆಯನ್ನು ಎಷ್ಟು ಒತ್ತಿ ಹಿಡಿದಿರುತ್ತದೆಂದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಮೇಲೆ ಹೆಚ್ಚುಕಡಿಮೆ ಈ ಜೀಪೇ ಬಂದು ಕುಳಿತಷ್ಟು. ಪೈಲಟ್ ಮುಂದೆ ಒಂದು ಹಿಡಿಕೆ. ಅದನ್ನು ಕೆಳಗೆ ಮಾಡಿದರೆ ಒಂದು ವಾಲ್ವು ತಿರುಗಿ, ಪಿಸ್ಟನ್ನಿನ ಒಂದು ಮಗ್ಗುಲಿಗೆ ಎಣ್ಣೆ ನುಗ್ಗುತ್ತದೆ, ಇನ್ನೊಂದು ಮಗ್ಗುಲಿನ ಎಣ್ಣೆ ಟ್ಯಾಂಕಿಗೆ ವಾಪಸು ಹೋಗುತ್ತದೆ. ಮೇಲೆ ಮಾಡಿದರೆ ಇದೇ ಉಲ್ಟಾ.

ಹೇಳುತ್ತ ಹೇಳುತ್ತ ಅವನಿಗೆ ಅತ್ತೆ ಎದುರಿಗಿರುವುದು ಮರೆತುಹೋಯಿತು. ಮೊದಲು ಹೊಟ್ಟೆಯಡಿಯ ಬಾಗಿಲು ತೆರೆಯುತ್ತದೆ. ಆಮೇಲೆ, ಕಾಲನ್ನು ಮೇಲೆ ಹಿಡಿದಿಟ್ಟ ಕೊಕ್ಕೆ ಕಳಚುತ್ತದೆ. ಆಮೇಲೆ ಪಿಸ್ಟನ್ನಿನ ಸರಳು ನಿಧಾನಕ್ಕೆ ಹೊರಗೆ ಬರುತ್ತದೆ, ಕನ್ನಡಿಯಂತೆ ಹೊಳೆಯುವ ಸರಳು, ಅದರ ಮೈಯಲ್ಲಿ ಮುಖ ನೋಡಿಕೊಳ್ಳಬಹುದು. ಅವನು ನೋಡಿಕೊಂಡಿದ್ದ, ಇಪ್ಪತ್ತೊಂದು ವರ್ಷದ ಮುಖ, ಮೂಗು ಮಾತ್ರ ಉದ್ದವಾಗಿ ಕಂಡಿತ್ತು. ಕೊನೆಯ ಒಂದೆರಡು ಇಂಚಿಗೆ ಬಂದಾಗ ಒಳಗಿನ ಎಣ್ಣೆ ಒಂದು ಸಣ್ಣ ತೂತಿನಿಂದಲೇ ಹೊರಗೆ ಹೋಗಬೇಕು. ಸೂಜಿ ಹೋಗುವಷ್ಟು ತೂತು. ಹಾಗಾಗಿ ಸರಳಿನ ಓಟ ತಾನಾಗಿ ಕುಂಠಿತವಾಗುತ್ತದೆ, ಅಷ್ಟು ಭಾರದ ಕಾಲು ದಡಾರನೆ ಬಡಿಯದೆ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗಿಳಿಸಿದಷ್ಟು ಮೆಲ್ಲಗೆ ಬೀಗಕ್ಕೆ ಕೂರುತ್ತದೆ. ಬೀಗ ಬಿದ್ದ ಮೇಲೆ ಪೈಲಟ್ ಮುಂದೆ ಹಸಿರು ದೀಪ ಹತ್ತುತ್ತದೆ. ಮೂರು ಕಾಲಿಗೆ ಮೂರು ದೀಪ. ಆ ಸಣ್ಣ ತೂತನ್ನು ಯೋಚಿಸಿ ಮಾಡಿದವನು ಯಾರೋ, ಅವನ ಕೈಗೆ ಮುತ್ತು ಕೊಡಬೇಕು ಎಂದು ಅಪ್ರೆಂಟಿಸ್ ಆಗಿದ್ದಾಗ ಅನಿಸಿತ್ತು. ಈಗಲೂ ಅನಿಸಿತು.

ದೀಪ ಸುಳ್ಳು ಹೇಳಿದರೆ ಎಂದು ಕಾನ್ಸೆಪ್ಟಾ ಕೇಳಿದಳು. ದೀಪದ ಸ್ವಿಚ್ಚು ಬೀಗದಲ್ಲೇ ಇರುತ್ತದೆ, ಬೀಗ ಬೀಳದೆ ದೀಪ ಹತ್ತುವುದಿಲ್ಲ ಎಂದ. ಎಣ್ಣೆಯೆಲ್ಲ ಸೋರಿಹೋದರೆ ಎಂದಳು. ಅದಕ್ಕೂ ಉಪಾಯವಿದೆ, ಪೈಲಟ್ ಹತ್ತಿರ ಇನ್ನೊಂದು ಹಿಡಿಕೆಯಿದೆ, ಅದನ್ನೆಳೆದರೆ ಕೊಕ್ಕೆಗಳು ಕಳಚಿಕೊಳ್ಳುತ್ತವೆ, ಕಾಲು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ, ಗಾಳಿಯೂ ದಬ್ಬುತ್ತದೆ, ಬೀಗಕ್ಕೆ ಹೋಗಿ ಕೂರುತ್ತದೆ ಎಂದ. ಹಾಗಾದರೆ ಎಣ್ಣೆ ಯಾಕೆ ಎಂದು ಅವಳು ಕೇಳಿದಾಗ, ಎತ್ತುವುದಕ್ಕೆ ಬೇಕು, ಇಳಿಯುವಾಗ ಬೀಳದ ಹಾಗೆ ತಡೆಯುವುದಕ್ಕೆ ಬೇಕು ಎಂದು ವಿವರಿಸಿದ. ಅವಳು ತಲೆಯಾಡಿಸಿದಳು. ಕೈಚೀಲದ ಮೇಲಿನ ಹಿಡಿತ ಸ್ವಲ್ಪ ಸಡಿಲವಾದದ್ದನ್ನು ಅವನು ಕಂಡ. ಅಲ್ಲಿಗೆ ನಿಲ್ಲಿಸಿ ಅವಳಿಗೊಂದು ಕಾಫಿ ಕುಡಿಸಿ ಮನೆಗೆ ಕರೆದುಕೊಂಡು ಹೋಗಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಶೆಡ್ಡಿನ ಮುಂದೆ ಯೋಗೇಶನ ಟಿಪ್ಪರ್ ನಿಂತಿತ್ತು; ಅದರ ಜಾಕಿಗೆ ಗುರುವಾರವಷ್ಟೇ ಸ್ಟೀಫನ್ ಎಣ್ಣೆ ತಡೆಯುವ ಹೊಸ ಸೀಲು ಹಾಕಿದ್ದ. ಪಾಳ್ಯದ ಯೋಗೇಶ ಮೂರು ಟಿಪ್ಪರುಗಳ ಯಜಮಾನನಾದರೂ ಡ್ರೈವರಾಗಿ ತಾನೇ ಓಡಾಡುವವನು. ನಮ್ಮ ಮಾಂಯ್‌ಗೆ ಒಂದ್ಸಲ ಎತ್ತಿ ತೋರಿಸು ಎಂದು ಸ್ಟೀಫನ್ ಅವನಿಗೆ ಹೇಳಿದ.

ಎಂಜಿನ್ನು ಗುಡುಗಿತು. ಟಿಪ್ಪರಿನ ಬೆನ್ನು ಏಳುತ್ತ ಏಳುತ್ತ ಶೆಡ್ಡಿನ ತಗಡನ್ನೂ ಮೀರಿ ಮೇಲೆ ಹೋಯಿತು. ಸ್ಟೀಫನ್ ಎರಡೂ ಕೈಗಳನ್ನು ಅಗಲಿಸಿ, ಅದನ್ನು ತಾನೇ ಎತ್ತುತ್ತಿರುವವನ ಹಾಗೆ ನಿಂತಿದ್ದ. ತಿರುಗಿ ನೋಡಿದರೆ ಅತ್ತೆ ಮೇಲೆ ನೋಡುತ್ತಿರಲಿಲ್ಲ. ಸ್ಟೂಲಿನಿಂದ ಎದ್ದು ಬಂದು, ಸೀರೆಯ ನೆರಿಗೆ ಎತ್ತಿ ಹಿಡಿದು ಬಗ್ಗಿ, ಜಾಕಿನ ಕೆಳಗಿನ ಮಣ್ಣನ್ನು ನೋಡುತ್ತಿದ್ದಳು. ಅಲ್ಲಿ ಅಂಗೈ ಅಗಲದ ಒಂದು ಕಪ್ಪು ಮಚ್ಚೆಯಿತ್ತು. ಅವಳು ನೋಡುತ್ತಿದ್ದಂತೆಯೇ ಅದರ ಮೇಲೆ ಇನ್ನೊಂದು ಹನಿ ಬಿತ್ತು.

"ಸೋರ್ತಾ ಐತಲ್ಲ," ಎಂದಳು.

ಅದು ಟಿಪ್ಪರು, ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ, ವಿಮಾನದ್ದು ಹೀಗೆ ಸೋರುವುದಿಲ್ಲ ಎಂದು ಸ್ಟೀಫನ್ ಗಡಿಬಿಡಿಯಲ್ಲಿ ಹೇಳಿದ. ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದ ಯೋಗೇಶ, ಸ್ಟೀಫನ್‌ನ ಮರ್ಯಾದೆ ಕಾಪಾಡುವುದು ತನ್ನ ಕರ್ತವ್ಯವೆಂದು ತಿಳಿದು, "ಸೋರ್ದೇ ಇರೋ ಜಾಕು ಎಲ್ಲೈತೆ ಅಮ್ಮಾ. ಬೇರೆಯೋರು ಮಾಡಿದ್ರೆ ಬಕೀಟು ಇಡ್ಬೇಕು. ನಮ್ ಸ್ಟೀಫಣ್ಣ ಮಾಡಿದ್ರೆ ಇಷ್ಟೇಯ ಸೋರೋದು," ಎಂದ. ಕಾನ್ಸೆಪ್ಟಾ ಅವನನ್ನು ನೋಡಿದಳು, ಹನಿಯನ್ನು ನೋಡಿದಳು, ಅಳಿಯನನ್ನು ನೋಡಿದಳು. ವಿಮಾನದಲ್ಲಿ ಇದನ್ನು ಜೋಡಿಸುವವರು ಯಾರು ಎಂದು ಕೇಳಿದಳು. ಇಪ್ಪತ್ಮೂರು ವರ್ಷದ ಅಭ್ಯಾಸಬಲ. ಸ್ಟೀಫನ್‌ನ ಎದೆ ತಾನಾಗಿ ಉಬ್ಬಿತು, ನಾಲಿಗೆ ತಾನಾಗಿ ಆಡಿತು. ನನ್ನಂಥವರೇ ಮಾಂಯ್ ಎಂದ. ಅವಳು ನೆರಿಗೆ ಕೆಳಗೆ ಬಿಟ್ಟು, ಮನೆಗೆ ಹೋಗೋಣ ಎಂದಳು.

ವಾಪಸು ಬರುವಾಗ ಘಟ್ಟ ಹತ್ತುವ ಲಾರಿಗಳ ಹಿಂದೆ ಜೀಪು ಆಮೆಯಂತೆ ಹೋಗುತ್ತಿತ್ತು. ನನ್ನಂಥವರೇ ಎಂಬ ಮಾತು ಅವನ ಕಿವಿಯಲ್ಲಿ ಸುತ್ತುತ್ತಿತ್ತು. ಅವನಂಥವನೊಬ್ಬ ಅಲ್ಲಿ ಏನು ಮಾಡಿದ್ದನೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು. ಕಾರ್ಖಾನೆಯ ಹನ್ನೊಂದನೆಯ ತಿಂಗಳು, ಒಂದು ಬುಧವಾರ. ಬುಧವಾರ ಕ್ಯಾಂಟೀನಿನಲ್ಲಿ ಕೇಸರಿಬಾತು, ಹನ್ನೆರಡೂವರೆಯ ಗಂಟೆಗೆ ಓಡದಿದ್ದರೆ ತಳ ಹತ್ತಿದ್ದೇ ಗತಿ. ಪಿಸ್ಟನ್ನಿಗೆ ಕೊನೆಯ ರಬ್ಬರ್ ರಿಂಗು ಹಾಕುವುದು ಬಾಕಿ. ರಿಂಗು ಸರಳಿನ ತುದಿಯ ಹರಿತವಾದ ತಿರುಪನ್ನು ದಾಟಿ ಹೋಗಬೇಕು. ದಾಟಿಸುವ ಮೊದಲು ತಿರುಪಿನ ಮೇಲೆ ತೆಳುವಾದ ಒಂದು ಟೋಪಿ ತೊಡಿಸಬೇಕು, ಅದು ತಟ್ಟೆಯಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಗಂಟೆ ಹೊಡೆಯಿತು. ಅವನು ಟೋಪಿಯಿಲ್ಲದೆ ರಿಂಗನ್ನು ಹೆಬ್ಬೆರಳಿನಿಂದ ತಳ್ಳಿದ, ಒಳಗೆ ಸೇರಿಸಿದ, ಕಾರ್ಡಿಗೆ ಸಹಿ ಹಾಕಿ ಓಡಿದ. ಮಾರನೆಯ ದಿನ ಟೆಸ್ಟ್ ಬೆಂಚಿನ ಚನ್ನಬಸವಯ್ಯನವರು ಆ ಜಾಕಿಗೆ ಪೂರ್ತಿ ಒತ್ತಡ ಕೊಟ್ಟು, ಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ, ಗಡಿಯಾರ ನೋಡುತ್ತ ಹತ್ತು ನಿಮಿಷ ನಿಂತರು. ಕೆಂಪೆಣ್ಣೆಯ ಒಂದು ಹನಿ. ಒರೆಸಿದರು, ಮತ್ತೆ ಹತ್ತು ನಿಮಿಷ, ಮತ್ತೊಂದು ಹನಿ. ಬಿಚ್ಚಿಸಿದರು. ಭೂತಕನ್ನಡಿಯ ಕೆಳಗೆ ರಿಂಗಿನ ಮೇಲೆ ಉಗುರು ತಾಗಿದಷ್ಟು ಸೀಳಿತ್ತು. ಅವರು ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ಇದು ನಿನಗೆ ಕಾಣಲಿಲ್ಲವೋ, ಕಂಡಿತ್ತೋ? ಕಾಣಲಿಲ್ಲ ಸರ್ ಎಂದಿದ್ದ ಅವನು. ಅವರು ಅವನ ಮುಖ ನೋಡಿ, ಏನೋ ಬರೆದರು. ತಿಂಗಳ ಕೊನೆಗೆ ಅವನಿಗೆ ಬರುವುದು ಬೇಡವೆಂದು ಹೇಳಲಾಯಿತು. ಹಿಂದಿನಿಂದ ಯಾರೋ ಹಾರನ್ ಹೊಡೆದಾಗ ಸ್ಟೀಫನ್ ತಾನು ಜೀಪನ್ನು ರಸ್ತೆಯ ಮಧ್ಯದಲ್ಲೇ ನಿಲ್ಲಿಸಿಕೊಂಡಿರುವುದನ್ನು ಕಂಡ. ಪಕ್ಕದಲ್ಲಿ ಅತ್ತೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಎರಡು ಸೀರೆಗಳೂ ಬಜೆಯ ಬೇರೂ ಒಟ್ಟಿಗೇ ಹೊರಗೆ ಬಂದವು. ಜೆಸಿಂತಾ ಗಂಡನನ್ನು ಬಾವಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಅಮ್ಮನಿಗೆ ಏನು ತೋರಿಸಿದಿರಿ ಎಂದು ವಿಚಾರಣೆ ಮಾಡಿದಳು. ಟಿಪ್ಪರ್ ತೋರಿಸಿದೆ ಎಂದ. ವಿಮಾನಕ್ಕೆ ಹೆದರಿದವರಿಗೆ ಸೋರುವ ಟಿಪ್ಪರ್ ತೋರಿಸುವ ಗಂಡಸು ಈ ಘಟ್ಟದಲ್ಲಿ ಇನ್ನೊಬ್ಬನಿರಲಾರ ಎಂದು ಅವಳು ಹೇಳಿದ್ದು ಅವನಿಗೂ ಸರಿಯೆನಿಸಿತು. ಆದರೆ ಆಮೇಲೆ ಅವಳು ಕಣ್ಣು ತುಂಬಿಕೊಂಡು, ಅಮ್ಮ ಹೋಗುವುದು ನಿಮಗೆ ಇಷ್ಟವಿಲ್ಲ, ಅವಳಿದ್ದರೆ ನಿಮಗೆ ಮೀನುಸಾರು ರುಚಿಯಾಗಿ ಸಿಗುತ್ತದೆ, ಅದಕ್ಕೇ ಬೇಕೆಂದೇ ಹೆದರಿಸಿದ್ದೀರಿ ಎಂದಳು. ಸ್ಟೀಫನ್ ಬಾವಿಯ ಹಗ್ಗ ಹಿಡಿದು ನಿಂತ. ತಾನು ಮಾಡಿದ ಪಾಪಕ್ಕೆ ಸರಿಯಾಗಿ ವಿರುದ್ಧವಾದ ಪಾಪವನ್ನು ತನ್ನ ಮೇಲೆ ಹೊರಿಸಿದರೆ ಅದನ್ನು ಅಲ್ಲಗಳೆಯುವುದಾದರೂ ಹೇಗೆ? ಇಲ್ಲ ಮಾರಾಯ್ತಿ, ಅವರು ಹೋದರೆ ಸಾಕಾಗಿದೆ ನನಗೆ ಎನ್ನಲು ಬರುತ್ತದೆಯೇ? ಅವನು ಬಾವಿಯ ಕಟ್ಟೆಯ ಮೇಲೆ ಕುಳಿತ. ಮಸ್ಕತ್ತಿನಲ್ಲಿ ಅನಿಶಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅಮ್ಮ ಮಂಗಳವಾರ ಬರುತ್ತಾಳೆ ಎಂದು ದಿನ ಎಣಿಸುತ್ತಿರಬಹುದು. ಗಂಡ ಪಾಳಿಯ ಕೆಲಸದವನು, ಆ ಊರಲ್ಲಿ ಬಿಸಿನೀರು ಕಾಯಿಸಿಕೊಡುವವರು ಇನ್ನೊಬ್ಬರಿಲ್ಲ. ಅವಳ ಮದುವೆಯಲ್ಲಿ ಅವನೇ ಅವಳ ಕೈಹಿಡಿದು ಚರ್ಚಿನೊಳಕ್ಕೆ ನಡೆಸಿಕೊಂಡು ಹೋಗಿದ್ದು, ಮಾವ ಇರಲಿಲ್ಲವೆಂದು. ಅದು ನೆನಪಾಗಿ ಅವನಿಗೆ ನಿಜವಾಗಿಯೂ ದುಃಖವಾಯಿತು, ಮತ್ತು ಈ ದುಃಖದಲ್ಲಿ ಮಂಚದ ಪಾಲಿಲ್ಲ ಎಂಬುದು ಖಾತ್ರಿಯಾಗಿ ಸ್ವಲ್ಪ ಸಮಾಧಾನವೂ ಆಯಿತು.

ಸಂಜೆ ಐದರ ಹೊತ್ತಿಗೆ ಕಾನ್ಸೆಪ್ಟಾ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದಳು. ಪಕ್ಕದಲ್ಲಿ ಪ್ರಾರ್ಥನೆಯ ಪುಸ್ತಕವಿತ್ತು. ಅಂದರೆ ಪೆಟ್ಟಿಗೆ ಖಾಲಿ. ಸ್ಟೀಫನ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. ಎಣ್ಣೆಯ ವಿಷಯ ಹೇಳಿಯಾಗಿತ್ತು, ಕೊಕ್ಕೆಯ ವಿಷಯ, ದೀಪದ ವಿಷಯ ಎಲ್ಲ ಹೇಳಿಯಾಗಿತ್ತು. ಅವಳು ಹೆದರಿದ್ದು ಎಣ್ಣೆಗಲ್ಲ. ಅವಳು ಹೆದರಿದ್ದು ಅವನಿಗೆ. ಇಷ್ಟು ಸ್ಪಷ್ಟವಾಗಿ ಅದು ಹೊಳೆದ ಮೇಲೆ, ಹೇಳಬೇಕಾದದ್ದು ಒಂದೇ ಉಳಿಯಿತು, ಮತ್ತು ಅದನ್ನು ಹೇಳಿದರೆ ನಾಳೆಯಿಂದ ತಾನು ಬರೀ ಟಿಪ್ಪರ್ ಸ್ಟೀಫನ್. ಒಳಗೆ ಅಡುಗೆಮನೆಯಲ್ಲಿ ಜೆಸಿಂತಾ ಪಾತ್ರೆ ತೊಳೆಯುತ್ತಿದ್ದಳು. ಕಿಟಕಿ ತೆರೆದಿತ್ತು. ಎದ್ದು ಹೋಗಿ ಕಿಟಕಿ ಮುಚ್ಚಲೇ ಎಂದುಕೊಂಡ. ಮುಚ್ಚಿದರೆ ಅದು ಯಾಕೆ ಎಂದು ಅವಳು ಹೊರಗೇ ಬರುತ್ತಾಳೆ. ನಾಲ್ಕು ಬೀಜ ಸುಲಿದು ಬುಟ್ಟಿಗೆ ಬೀಳುವವರೆಗೂ ಕಾದ. ಆಮೇಲೆ ಹೇಳಿದ. ಬುಧವಾರ, ಕೇಸರಿಬಾತು, ಟೋಪಿ, ರಿಂಗು. ಅಪ್ಪನಿಗೆ ಏನೂ ಆಗಿರಲಿಲ್ಲ ಎಂಬುದನ್ನೂ ಹೇಳಿದ. ಪಾತ್ರೆಗಳ ಸದ್ದು ನಿಂತಿತು.

"ಕಾಣ್ಲಿಲ್ಲ ಅಂತ ಹೇಳ್ಬುಟ್ಟೆ ಅವರಿಗೆ," ಎಂದ. "ನಂಗೆ ಕಂಡಿತ್ತು ಮಾಂಯ್. ರಿಂಗು ಸೀಳಿದ್ದು ಕಣ್ಣಾರೆ ನೋಡಿದ್ದೆ. ನೋಡಿಯೇ ಒಳಗೆ ಹಾಕ್ದೆ."

ಇಪ್ಪತ್ಮೂರು ವರ್ಷ ಆ ಮಾತು ಹೊರಗೆ ಬಂದಿರಲಿಲ್ಲ. ಬಂದ ಮೇಲೆ ನೋಡಿದರೆ ಅಷ್ಟೇನೂ ದೊಡ್ಡದಿರಲಿಲ್ಲ. ಕಾನ್ಸೆಪ್ಟಾ ಬೀಜ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. ಅವಳು ಉಗುಳುವಂತೆ ಏನಾದರೂ ಅನ್ನುತ್ತಾಳೆಂದು ಅವನು ತಲೆ ತಗ್ಗಿಸಿ ಕಾದ.

ಎಷ್ಟು ಸೋರಿತು ಎಂದು ಕೇಳಿದಳು. ಒಂದು ಹನಿ ಎಂದ. ಒಂದು ಹನಿಗೆ ಆ ಮನುಷ್ಯ ಹತ್ತು ನಿಮಿಷ ನಿಂತನೇ ಎಂದಳು. ಎರಡು ಸಲ ನಿಂತರು, ಇಪ್ಪತ್ತು ನಿಮಿಷ ಎಂದ. ಪ್ರತಿಯೊಂದಕ್ಕೂ ಹಾಗೇ ನಿಲ್ಲುತ್ತಾರೋ, ಅಥವಾ ನಿನ್ನ ಮೇಲೆ ಅನುಮಾನವಿತ್ತೋ ಎಂದಳು. ಪ್ರತಿಯೊಂದಕ್ಕೂ, ಯಾರು ಜೋಡಿಸಿದರೂ, ಅವರ ಹಿಂದೆ ಇನ್ನೊಬ್ಬರು, ಆ ಇನ್ನೊಬ್ಬರ ಹಿಂದೆ ಮತ್ತೊಬ್ಬರು ಎಂದ. ಅಷ್ಟಕ್ಕೆ ನಿನ್ನನ್ನು ಹೊರಗೆ ಹಾಕಿಬಿಟ್ಟರೇ ಎಂದಳು. ಹಾಕಿದರು ಎಂದ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ನಾಲ್ಕು ದಿನದಿಂದ ಕಾಣದಿದ್ದ ಒಂದು ನಿರಾಳ ಮೂಡಿದ್ದನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು.

"ನಾನು ಎಸ್ಟೇಟಲ್ಲಿ ಸಾಯಂಕಾಲ ಮಕ್ಕಳನ್ನ ಎಣ್ಸಿ ಸರಿಯಾಗೈತೆ ಅಂತಿದ್ದೆ. ಆಮೇಲೆ ಲೆಕ್ಕ ಬರಿಯೋ ಜಾಕೋಬ್ ರೈಟರು ಬಂದು ತಿರ್ಗಾ ಎಣಿಸೋರು. ಮೈ ಉರೀತಿತ್ತು ನಂಗೆ," ಎಂದಳು. "ಒಂದಿನ ಒಂದು ಕಮ್ಮಿ ಬಂತು ಮಾರಾಯ. ಹಿಂದಿನ ತೊಟ್ಟಿ ಹತ್ರ ಮಣ್ಣಾಡ್ತಾ ಕೂತಿತ್ತು. ಎಣಿಸೋಕೆ ಬರ್ದೆ ಅಲ್ಲ. ಕಾಲು ನೋಯ್ತಿತ್ತು, ಅಂದಾಜಲ್ಲಿ ಹೇಳ್ಬುಟ್ಟಿದ್ದೆ. ಆವತ್ತಿಂದ ಅವರು ಎಣಿಸಿದ್ರೇನೇ ನಂಗೆ ನಿದ್ದೆ."

ಅವಳು ಪ್ರಾರ್ಥನೆಯ ಪುಸ್ತಕವನ್ನೆತ್ತಿಕೊಂಡು, ಮಂಡಿ ಹಿಡಿದು ಎದ್ದಳು. ಇಷ್ಟು ಮೊದಲೇ ಹೇಳಿದ್ದರೆ ಆ ಸೀಗಡಿಯನ್ನು ಒಳಗೂ ಹೊರಗೂ ಓಡಾಡಿಸುವುದು ತಪ್ಪುತ್ತಿತ್ತು, ಎಣ್ಣೆ ದೀಪ ಕೊಕ್ಕೆ ಅಂತ ತಲೆ ತಿಂದೆ ಎಂದು ಅಳಿಯನನ್ನು ಗದರಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸೂಟ್‌ಕೇಸಿನ ಜಿಪ್ಪು ಎಳೆಯುವ ಸದ್ದು ಕೇಳಿಸಿತು. ಜೆಸಿಂತಾ ಕಿಟಕಿಯ ಸರಳಿನ ಹಿಂದೆ ನಿಂತು ಗಂಡನನ್ನು ನೋಡಿದಳು. ಕೇಸರಿಬಾತಿಗೋಸ್ಕರ ಎಂದು ಮಾತ್ರ ಹೇಳಿ, ತಲೆಯಾಡಿಸಿ, ಮತ್ತೆ ಪಾತ್ರೆಗಳ ಕಡೆಗೆ ತಿರುಗಿದಳು.

ಭಾನುವಾರದ ಪೂಜೆ ಮುಗಿಯುವಷ್ಟರಲ್ಲಿ ಚರ್ಚಿಗೆ ಬಂದವರಿಗೆಲ್ಲ ಸುದ್ದಿ ತಿಳಿದಿತ್ತು. ಅಂಗಳದ ಮಾವಿನ ಮರದ ಕೆಳಗೆ ಏಳೆಂಟು ಹೆಂಗಸರ ನಡುವೆ ನಿಂತು ಕಾನ್ಸೆಪ್ಟಾ, ವಿಮಾನವೆಂದರೆ ಏನೆಂದುಕೊಂಡಿದ್ದೀರಿ, ಒಂದೇ ಒಂದು ಹನಿ ಎಣ್ಣೆ ಸೋರಿತೆಂದು ನಮ್ಮ ಸ್ಟೀಫನ್‌ನನ್ನೇ ಓಡಿಸಿಬಿಟ್ಟರು, ಇನ್ನು ಬೇರೆಯವರನ್ನು ಬಿಡುತ್ತಾರೆಯೇ ಎಂದು ಹೇಳುತ್ತಿದ್ದಳು. ಹೇಳುವಾಗ ಅವಳ ದನಿಯಲ್ಲಿ ಅವಮಾನವಿರಲಿಲ್ಲ, ಅಳಿಯನಿಗೆ ಚಿನ್ನದ ಪದಕ ಸಿಕ್ಕಿದಷ್ಟು ಹೆಮ್ಮೆಯಿತ್ತು. ಸ್ಟೀಫನ್ ಜೀಪಿನ ಮರೆಯಲ್ಲಿ ನಿಂತು ಬಾನೆಟ್ಟಿನಲ್ಲಿಲ್ಲದ ದೋಷ ಹುಡುಕುತ್ತಿದ್ದ. ಈಗ ನಿವೃತ್ತರಾಗಿರುವ ಜಾಕೋಬ್ ರೈಟರು, ಊರುಗೋಲು ಊರುತ್ತ ಅಲ್ಲಿಗೂ ಬಂದರು. ವಿಮಾನದ ಕಥೆಯನ್ನು ಸ್ಟೀಫನ್ ಅತಿ ಹೆಚ್ಚು ಸಲ ಹೇಳಿದ್ದು ಅವರಿಗೇ. ಅಪ್ಪನ ಲಕ್ವಕ್ಕೆ ಒಮ್ಮೆ ಅವರು ಎಣ್ಣೆಯ ಬಾಟಲಿಯನ್ನೂ ಕೊಟ್ಟು ಕಳಿಸಿದ್ದರು. ನಿಜವೇನಯ್ಯಾ, ನಿನ್ನನ್ನು ಅಲ್ಲಿಂದ ಓಡಿಸಿದರಂತೆ ಎಂದು ಕೇಳಿದರು. ಅಂಗಳದ ಅರ್ಧ ಜನ ಇತ್ತ ತಿರುಗಿದರು. ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಬಾನೆಟ್ ಮುಚ್ಚಿದ.

"ಹೌದು ರೈಟ್ರೇ. ತಪ್ಪು ನಂದೇ. ಓಡಿಸಿದ್ದು ಸರಿ," ಎಂದ.

ಜಾಕೋಬ್ ರೈಟರು ಎದೆಯ ಮೇಲೆ ಕೈಯಿಟ್ಟು, ಸದ್ಯ, ಎಂದು ನಿಟ್ಟುಸಿರು ಬಿಟ್ಟರು. ಅವರ ಹೆಂಡತಿಗೆ ಮುಂಬಯಿಯ ಮಗನ ಮನೆಗೆ ಹೋಗಬೇಕು, ರೈಲಿನಲ್ಲಿ ಸೊಂಟ ನಿಲ್ಲುವುದಿಲ್ಲ, ವಿಮಾನವೆಂದರೆ ಹತ್ತುವುದಿಲ್ಲ. ಒಂದು ಸಲ ಮನೆಗೆ ಬಂದು, ನಿನ್ನನ್ನು ಓಡಿಸಿದ್ದು ಹೇಗೆಂದು ಅವಳಿಗೆ ಪೂರ್ತಿ ಹೇಳಬೇಕು, ಮಧ್ಯಾಹ್ನ ಊಟಕ್ಕೇ ಬಾ ಎಂದರು. ಇನ್ನೂ ಇಬ್ಬರು ಅವನ ಕೈಕುಲುಕಿದರು. ಕುಲುಕಿದ್ದು ಯಾಕೆಂದು ಅವರಿಗೂ ಗೊತ್ತಿದ್ದಂತಿರಲಿಲ್ಲ. ನಗಬೇಕೋ ನಾಚಬೇಕೋ ತಿಳಿಯದೆ ಸ್ಟೀಫನ್ ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಒಂದು ಮಾತು ಮಾತ್ರ ಅವನಿಗೆ ತಿಳಿಯಿತು. ಇಷ್ಟು ವರ್ಷ ಕಥೆ ಹೇಳಿ ಮುಗಿಸಿದಾಗಲೆಲ್ಲ, ಯಾರಾದರೂ ಇನ್ನೊಂದು ಪ್ರಶ್ನೆ ಕೇಳಿಬಿಟ್ಟರೆ ಎಂದು ಬೇಗಬೇಗ ಬೇರೆ ಮಾತು ತೆಗೆಯುತ್ತಿದ್ದ. ಇವತ್ತು ಅದು ಬೇಕಾಗಲಿಲ್ಲ. ಹಸಿವಾಗುತ್ತಿತ್ತು.

ಜೆಸಿಂತಾ ಮೊಂಬತ್ತಿ ಹಚ್ಚಲು ಒಳಗೆ ಹೋಗಿದ್ದಳು. ಕಾನ್ಸೆಪ್ಟಾ ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕುಳಿತಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹೆದ್ದಾರಿಯಲ್ಲಿ ಜಲ್ಲಿ ತುಂಬಿಕೊಂಡು ಸಾಲಾಗಿ ಘಟ್ಟ ಇಳಿಯುತ್ತಿದ್ದ ಟಿಪ್ಪರುಗಳನ್ನು ಒಂದೊಂದಾಗಿ ನೋಡಿದಳು. ಅವುಗಳಲ್ಲಿ ಅರ್ಧದಷ್ಟು ಸ್ಟೀಫನ್‌ನ ಕೈಯಲ್ಲಿ ರಿಪೇರಿಯಾಗಿ ಹೋದವು. ಒಂದರ ಹಿಂಬದಿಯಲ್ಲಿ ಇಬ್ಬರು ಕೂಲಿಗಳು ಕಾಲು ಇಳಿಬಿಟ್ಟು ಕುಳಿತಿದ್ದರು.

"ನಿನ್ ಶೆಡ್ಡಲ್ಲಿ, ನೀನು ಮಾಡಿದ್ಮೇಲೆ ಯಾರು ನೋಡ್ತಾರೆ?" ಎಂದು ಕೇಳಿದಳು.

ಸ್ಟೀಫನ್ ಕೀಲಿ ತಿರುಗಿಸಲು ಹೋದವನು ಕೈ ಹಾಗೇ ಬಿಟ್ಟ. ಯೋಗೇಶ ನೋಡುತ್ತಾನೆ ಎನ್ನಬಹುದಿತ್ತು, ದೇವರು ನೋಡುತ್ತಾನೆ ಎನ್ನಬಹುದಿತ್ತು, ಈ ಅಂಗಳದಲ್ಲಿ ಅದು ಸಲ್ಲುತ್ತಲೂ ಇತ್ತು.

"ಯಾರೂ ಇಲ್ಲ ಮಾಂಯ್," ಎಂದ.

ಮೂರು ತಿಂಗಳ ವಾಪಸು ಟಿಕೇಟನ್ನು ಬೇಗಕ್ಕೆ ಬದಲಾಯಿಸಲು ಬರುತ್ತದೆಯೋ ಎಂದು ಅನಿಶಾಳನ್ನು ಕೇಳಬೇಕು ಎಂದಳು.

"ಮಗೂಗೆ ನಲವತ್ತು ದಿನ ಆದ್ರೆ ಸಾಕು," ಎಂದಳು. "ನೋಡೋಕೆ ನಾನು ಬಂದ್ಬುಡ್ತೀನಿ."